ದ್ವಾರಕ್ಕೆ ತಂದ ಸಿಮೆಂಟು

ನಮ್ಮೂರಿಗೆ ಪಟ್ಟಣದ ಕಾಲೇಜು ಮಕ್ಕಳು ಬರುವುದು ಹೊಸದೇನಲ್ಲ. ಪದವಿ ಕೈಗೆ ಕೊಡುವ ಮೊದಲು ಅವರನ್ನು ಕೆಲವು ವಾರ ಹಳ್ಳಿಯಲ್ಲಿ ಬಿಟ್ಟು ‘ಸೇವೆ ಮಾಡಿ ಬನ್ನಿ’ ಎನ್ನುವುದು ಕಾಲೇಜಿನವರ ಕಟ್ಟಳೆ. ಕಾಕಾಎನ್ ಎಂದು ಅದರ ಹೆಸರು. ಬಂದ ಮಕ್ಕಳನ್ನೂ ನಾವು ಕಾಕಾಎನ್ ಎಂದೇ ಕರೆಯುತ್ತೇವೆ. ಒಂದು ತಂಡ ಬಂದು ಬಾಳೆಕಾಯಿ ಚಿಪ್ಸ್ ಮಾಡುವುದನ್ನು ಕಲಿಸಿತು. ಅದರ ಮುಂದಿನ ತಂಡವೂ ಬಾಳೆಕಾಯಿ ಚಿಪ್ಸನ್ನೇ ಕಲಿಸಿತು. ಮತ್ತೊಂದು ತಂಡ ಮನೆಮನೆಯ ಮುಂದೆ ಬಣ್ಣ ಬಳಿದ ಕಸದ ಡಬ್ಬಿ ಇಟ್ಟು ಹೋಯಿತು. ಅವುಗಳಲ್ಲಿ ಈಗ ಕೋಳಿಗಳು ಕಾವು ಕೂರುತ್ತವೆ. ಹೊರಡುವ ದಿನ ಎಲ್ಲರೂ ನಮ್ಮನ್ನು ಅಪ್ಪಿಕೊಂಡು ಅಳುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಅಳು ಸುಳ್ಳಲ್ಲ. ಆದರೆ ಅತ್ತವರು ಯಾರೂ ತಿರುಗಿ ಬಂದಿರಲಿಲ್ಲ.

ಆದ್ದರಿಂದ ಆ ಜನವರಿಯ ಮಳೆಗಾಲದಲ್ಲಿ ನಮ್ಮ ಲುರಾ, ಅಂದರೆ ಊರಿನ ಮುಖ್ಯಸ್ಥ ಸುದಾರ್ಸ, ಮೂವರು ಹುಡುಗಿಯರನ್ನು ನನ್ನ ಮನೆಯಲ್ಲಿ ಇಟ್ಟುಕೊಳ್ಳಬೇಕೆಂದು ಹೇಳಿ ಕಳಿಸಿದಾಗ ನಾನು ಆಗುವುದಿಲ್ಲ ಎಂದೆ. ಹೇಳಲು ಬಂದವನು ನನ್ನ ತಮ್ಮ ಕಸ್ದಿ. ಬೆಳಗ್ಗೆ, ಸಂಜೆ ತೆಂಗಿನ ಮರ ಹತ್ತಿ ನೀರಾ ಇಳಿಸುವುದು ಅವನ ಕಸುಬು. ನಡುವೆ ಊರ ಕಚೇರಿಯಲ್ಲಿ ಸಭೆ, ಸಮಾರಂಭ ಇದ್ದರೆ ಹಸಿರು ಸಮವಸ್ತ್ರ ತೊಟ್ಟು ಕಾವಲು ನಿಲ್ಲುತ್ತಾನೆ.

“ಲುರಾ ಮನೇಲಿ ಹುಡುಗ್ರು ತುಂಬ್ಕೊಂಡಿದಾರೆ ಯೂ,” ಎಂದ. ನಮ್ಮ ಕಡೆ ಅಕ್ಕನಿಗೆ ಯೂ ಎನ್ನುತ್ತೇವೆ. “ಹುಡುಗೀರಿಗೆ ಜಾಗ ಇಲ್ವಂತೆ.”

“ಇಲ್ಲಿ ಹೊಗೆಗೇ ಜಾಗ ಸಾಲ್ದು. ಬೇರೆ ಕಡೆ ನೋಡ್ಕೊಳೋಕೆ ಹೇಳು.”

“ಹೇಳೋದೇನು, ಬಂದಾಯ್ತು. ಅಗೋ.”

ತಿರುಗಿ ನೋಡಿದೆ. ಮೇಲಿನ ರಸ್ತೆಯಿಂದ ನಮ್ಮ ಲೆಬಾಕ್ ಪಾಳ್ಯಕ್ಕೆ ಇಳಿಯುವ ಕೆಸರಿನ ಇಳಿಜಾರಿನಲ್ಲಿ ಚಕ್ರದ ಸೂಟ್‌ಕೇಸೊಂದು ತನ್ನ ಒಡತಿಯನ್ನು ಬಿಟ್ಟು ತಾನೇ ಜಾರಿ ಬರುತ್ತಿತ್ತು. ಹಿಂದೆಯೇ, ಕೂತ ಭಂಗಿಯಲ್ಲೇ, ಒಬ್ಬ ಹುಡುಗಿ. ಇಬ್ಬರೂ ನನ್ನ ಸೌದೆ ರಾಶಿಗೆ ಬಂದು ಬಡಿದರು. ಹುಡುಗಿ ಎದ್ದು, ಕೆಸರು ಮೆತ್ತಿದ ಕೈಯನ್ನು ಒರೆಸಲು ಒಣ ಜಾಗವೇ ಸಿಗದೆ, ಹಾಗೆಯೇ ಕೈ ಮುಂದೆ ಚಾಚಿದಳು.

“ತೆಸಲೋನಿಕಾ. ತೆಸಾ ಅಂದ್ರೆ ಸಾಕು ಬು. ನಿಮ್ಮೂರ ರಸ್ತೆಗೆ ಬ್ರೇಕೇ ಇಲ್ಲ ಅಲ್ವಾ?”

ಬು ಎಂದರೆ ಅಮ್ಮ. ಹಾಗೆ ಕರೆದ ಮೇಲೆ ಬಾಗಿಲು ಹಾಕಿಕೊಳ್ಳಲು ಆಗಲಿಲ್ಲ. ಹೊಟ್ಟೆಗೇನಾದರೂ ಹಾಕಬೇಕಲ್ಲ, ಸೋಯಾ ಕಾಳಿನ ಟೆಂಪೆ ಬಿಲ್ಲೆಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿದುಕೊಟ್ಟೆ. ಅವಳು ತಿನ್ನುವ ಮೊದಲು ಕಣ್ಣುಮುಚ್ಚಿ ಕೈಮುಗಿದು ಪ್ರಾರ್ಥಿಸಿದಳು. ಪಕ್ಕದ ಮನೆಯ ವಸ್ರಿ ಅದನ್ನು ನೋಡಿ, “ಅಷ್ಟೊಂದು ಹೆದರ್ಬೇಡ ಮಗಾ, ಕಾರ್ಸೆಮ್ ಅಡುಗೆ ತಿಂದು ಇನ್ನೂ ಯಾರೂ ಸತ್ತಿಲ್ಲ,” ಎಂದಳು. ಕಾರ್ಸೆಮ್ ನಾನು.

ತಂಡದ ನಾಯಕ ಜಕಾರ್ತಾದ ಹುಡುಗ ರೈಹಾನ್. ತೆಳ್ಳಗೆ, ನೀಟಾಗಿ, ಯಾವಾಗಲೂ ಗಡಿಯಾರ ನೋಡಿಕೊಳ್ಳುವವನು. ಮೊದಲ ವಾರವೇ ಮೇಲಿನ ಸಭಾಂಗಣದಲ್ಲಿ ತೆಂಗಿನ ಬೆಲ್ಲಕ್ಕೆ ಅಂದದ ಪೊಟ್ಟಣ ಕಟ್ಟುವುದು ಹೇಗೆ ಎಂದು ಪಾಠ ಇಟ್ಟುಕೊಂಡ. ಬ್ಯಾನರ್ ಕಟ್ಟಿದರು, ಕುರ್ಚಿ ಹಾಕಿದರು, ತಿಂಡಿ ಪೊಟ್ಟಣ ತರಿಸಿದರು. ಲೆಬಾಕ್‌ನಿಂದ ಒಬ್ಬ ಹೆಂಗಸೂ ಹೋಗಲಿಲ್ಲ. ಮರುದಿನ ಅವನು ಬಿದ್ದು ಎದ್ದು ನನ್ನ ಅಡುಗೆಮನೆಗೆ ಇಳಿದು ಬಂದ. ನಾನೂ ವಸ್ರಿಯೂ ಕೊಪ್ಪರಿಗೆಯಲ್ಲಿ ನೀರಾ ಕಾಯಿಸುತ್ತಿದ್ದೆವು.

“ಬು, ಬೇಜಾರು ಮಾಡ್ಕೋಬೇಡಿ. ಆದ್ರೆ ನಿಮ್ಮ ಜನಕ್ಕೆ ಮುಂದೆ ಬರೋ ಆಸೆನೇ ಇಲ್ವಾ?”

ನಾನು ಬಾಯಿ ತೆರೆಯುವ ಮೊದಲೇ ವಸ್ರಿ ಸೌಟು ಎತ್ತಿದಳು. “ಮುಂದೆ ಬರೋಕೆ ಮೊದ್ಲು ಮೇಲೆ ಬರ್ಬೇಕಲ್ಲಪ್ಪಾ. ನೀನು ಈಗ ಇಳಿದು ಬಂದ್ಯಲ್ಲ, ನಿನ್ನ ಪ್ಯಾಂಟನ್ನೇ ಕೇಳು, ದಾರಿ ಹೇಗಿದೆ ಅಂತ. ಅದೂ ಅಲ್ದೆ ನೀರಾ ನಿನ್ನ ಗಡಿಯಾರ ನೋಡ್ಕೊಂಡು ಕಾಯುತ್ತಾ? ಒಲೆ ಬಿಟ್ಟು ಬಂದ್ರೆ ಹುಳಿ ಬರುತ್ತೆ. ಆಮೇಲೆ ನಿನ್ನ ಅಂದದ ಪೊಟ್ಟಣಕ್ಕೆ ಏನು ತುಂಬ್ಲಿ, ಗಾಳೀನಾ?”

ರೈಹಾನ್ ಕಿವಿ ಕೆಂಪಾಯಿತು. ಪ್ಯಾಂಟಿನ ಹಿಂಭಾಗ ಮುಟ್ಟಿ ನೋಡಿಕೊಂಡು ಹೊರಟುಹೋದ. ತೆಸಾ ಮಾತ್ರ ಹೊಗೆಯಲ್ಲಿ ಕೆಮ್ಮುತ್ತ ಅಲ್ಲೇ ಕೂತಿದ್ದಳು.

“ಹಾಗಾದ್ರೆ ನಿಮಗೇನು ಬೇಕು ಬು?” ಎಂದು ಕೇಳಿದಳು.

ಅಷ್ಟು ತಂಡಗಳಲ್ಲಿ ಯಾರೂ ಆ ಮಾತು ಕೇಳಿರಲಿಲ್ಲ. ನನಗೆ ಸಂತೋಷವಾಗಬೇಕಿತ್ತು; ಆದದ್ದು ಸಿಟ್ಟು. ಬೆಲ್ಲ ಅಚ್ಚಿಗೆ ಸುರಿದು ಮುಗಿಸಿ, ಅವಳ ಕೈ ಹಿಡಿದುಕೊಂಡು ಇಳಿಜಾರು ಹತ್ತಿಸಿದೆ. ಅರ್ಧದಲ್ಲಿ ಒಂದು ದೊಡ್ಡ ಬಂಡೆ ಇದೆ, ದಾರಿ ಅಲ್ಲಿ ಬಾಗುತ್ತದೆ. ಅಲ್ಲಿ ನಿಲ್ಲಿಸಿದೆ.

“ಇಲ್ಲಿ,” ಎಂದೆ.

ನನ್ನ ಗಂಡ ತರ್ವಿನ್ ಹಿಂದೊಂದು ಮಳೆಗಾಲದಲ್ಲಿ ತೆಂಗಿನ ಮರದಿಂದ ಬಿದ್ದ. ಬಿದ್ದಾಗ ಸತ್ತಿರಲಿಲ್ಲ. ಮಾತಾಡುತ್ತಿದ್ದ, ಮರದ ಮೇಲೆಯೇ ಉಳಿದ ಬಿದಿರ ಕೊಳವೆಯಲ್ಲಿ ನೀರಾ ತುಂಬಿದೆ, ಇಳಿಸಿಕೊಳ್ಳಿ ಎಂದು ಬೇರೆ ಹೇಳಿದ. ಲುಂಗಿಯನ್ನು ಬಿದಿರಿಗೆ ಕಟ್ಟಿ ಅವನನ್ನು ಅದರಲ್ಲಿ ಮಲಗಿಸಿ ಕಸ್ದಿ ಮತ್ತು ಉಳಿದವರು ಹೊತ್ತು ಹೊರಟರು. ಈ ಬಂಡೆಯ ತಿರುವಿನಲ್ಲಿ ಮುಂದಿನವನ ಕಾಲು ಜಾರಿತು. ಬಿದಿರು ಕೈಬಿಟ್ಟು ತರ್ವಿನ್ ಎರಡನೆಯ ಸಲ ಬಿದ್ದ. ರಸ್ತೆ ಮುಟ್ಟುವ ಹೊತ್ತಿಗೆ ಮಾತಿರಲಿಲ್ಲ. ಅಲ್ಲಿ ಬಾಡಿಗೆ ಕಾರು ಬಾಗಿಲು ತೆರೆದುಕೊಂಡು ಕಾಯುತ್ತಿತ್ತು.

ಅಯ್ಯೋ ಪಾಪ ಎನ್ನುತ್ತಾಳೆ, ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಬಂಡೆಯನ್ನೂ ಇಳಿಜಾರನ್ನೂ ನೋಡಿದಳು. “ಹೊತ್ತವರು ಅಕ್ಕಪಕ್ಕ ಇಬ್ಬಿಬ್ರು ನಡೀತಿದ್ರಾ, ಒಬ್ಬರ ಹಿಂದೆ ಒಬ್ಬರಾ?”

“ಇಬ್ಬಿಬ್ರು ಹೋಗೋಕೆ ಜಾಗ ಎಲ್ಲಿದೆ? ಒಬ್ಬರ ಹಿಂದೆ ಒಬ್ರು.”

“ಹಾಗಾದ್ರೆ ಇಲ್ಲಿ ಅಗಲ ಮಾಡ್ಬೇಕು. ಮೆಟ್ಟಿಲು ಗಿಡ್ಡ ಇರ್ಬೇಕು, ಪಕ್ಕದಲ್ಲಿ ನೀರು ಹರಿಯೋಕೆ ಚರಂಡಿ.” ಅವಳು ಓದುತ್ತಿದ್ದದ್ದು ರಸ್ತೆ, ಸೇತುವೆ ಕಟ್ಟುವ ವಿದ್ಯೆ. “ನೀವು ಇದನ್ನ ಕೇಳ್ಲೇ ಇಲ್ವಾ ಬು?”

“ಕೇಳ್ದೆ ಏನು? ಹೋದ ವರ್ಷ ಊರ ಸಭೇಲಿ ಎಲ್ರೂ ಕೈ ಎತ್ತಿದ್ವಿ. ಆಗ್ಲಿ ಅಂದ್ರು. ಆಮೇಲೆ ಬುಪಾತಿ ಸಾಹೇಬ್ರು ಊರಿಗೆ ಬರ್ತಾರೆ ಅಂತ ಸುದ್ದಿ ಬಂತು. ಮುಗೀತು. ಕೈ ಎತ್ತಿದ್ದು ದಾರಿಗೆ, ಬಂದಿದ್ದು ದ್ವಾರಕ್ಕೆ.”

ಅದು ನಿಜ. ಜಿಲ್ಲೆಯ ದೊರೆಯಂಥ ಬುಪಾತಿಯನ್ನು ಬರಮಾಡಿಕೊಳ್ಳಲು ದಾರಿಯ ದುಡ್ಡಿನಲ್ಲೇ ರಸ್ತೆಯ ಕವಲಿನಲ್ಲಿ ಸ್ವಾಗತ ದ್ವಾರ ಕಟ್ಟಿಸುವುದೆಂದು ಲುರಾ ತೀರ್ಮಾನಿಸಿದ್ದ. ಕೂಲಿ ಕೊಡಬೇಕಿಲ್ಲ, ಕಾಕಾಎನ್ ಮಕ್ಕಳಿದ್ದಾರಲ್ಲ. ಆ ವಾರವೇ ಅವರನ್ನು ಸಭಾಂಗಣದಲ್ಲಿ ಕೂರಿಸಿ ಕೆಲಸ ಹಂಚಿದ. ನಾನು ಚಹಾ ಕೊಡಲು ಹೋಗಿದ್ದೆ. ತೆಸಾ ಎದ್ದು ನಿಂತಳು.

“ಪಾಕ್ ಲುರಾ, ಊರ ಸಭೇಲಿ ಒಪ್ಪಿದ್ದು ಲೆಬಾಕ್ ದಾರಿ ಅಂತ ಕೇಳ್ದೆ. ನಾವು ಅದನ್ನೇ ಮಾಡಬಹುದಲ್ವಾ?”

ಪಾಕ್ ಎಂದರೆ ಅಪ್ಪ; ಹಿರಿಯ ಗಂಡಸರನ್ನು ಹಾಗೆ ಕರೆಯುತ್ತೇವೆ. ಲುರಾ ಕೆಟ್ಟ ಮನುಷ್ಯನಂತೆ ಕಾಣುವುದಿಲ್ಲ. ನಗುಮುಖ, ಮೆತ್ತಗಿನ ದನಿ. “ಮಗಳೇ, ನೀವು ಅತಿಥಿಗಳು. ಅತಿಥಿ ಮನೆಗೆ ಬಂದ್ರೆ ಚಹಾ ಕುಡೀಬೇಕು, ಅಡುಗೆಮನೆ ಪಾತ್ರೆ ಎಣಿಸ್ಬಾರ್ದು.” ಎಲ್ಲರೂ ನಕ್ಕರು. ಅವನೂ ನಕ್ಕ. ಆಮೇಲೆ, ನಗು ಹಾಗೇ ಇಟ್ಟುಕೊಂಡೇ, “ನಿಮ್ಮ ಅಂಕಕ್ಕೆ ರುಜು ಹಾಕೋನು ನಾನೇ ಅಲ್ವಾ?” ಎಂದ.

ರೈಹಾನ್ ಅವಳ ಅಂಗಿ ಜಗ್ಗಿ ಕೂರಿಸಿದ. ನಾನು ಚಹಾದ ತಟ್ಟೆ ಹಿಡಿದು ನಿಂತೇ ಇದ್ದೆ. ತರ್ವಿನ್‌ನ ಮಣ್ಣಿಗೆ ಬಂದಾಗಲೂ ಲುರಾ ಇದೇ ಮೆತ್ತಗಿನ ದನಿಯಲ್ಲಿ ‘ಬರೋ ವರ್ಷ ದಾರಿ ಮಾಡ್ಸೋಣ’ ಎಂದಿದ್ದ. ಅವತ್ತು ನನ್ನ ಬಾಯಿಗೆ ಅಳು ಅಡ್ಡ ಬಂದಿತ್ತು. ಈಗ ಅಳು ಇರಲಿಲ್ಲ.

ಸಂತೆಯ ದಿನ ಲಾರಿ ಬಂದು ಕವಲಿನಲ್ಲಿ ಸಿಮೆಂಟು, ಮರಳು ಇಳಿಸಿ ಹೋಯಿತು. ನಾವು ಹೆಂಗಸರು ಬೆಲ್ಲ ಮಾರಿ, ಖಾಲಿ ಬುಟ್ಟಿ ಹೊತ್ತು ಬರುತ್ತಿದ್ದೆವು. ಲುರಾನ ಕಡೆಯವರು ಟಾರ್ಪಾಲು ಹುಡುಕಲು ಹೋಗಿದ್ದರು. ಮೋಡ ಕಟ್ಟಿತ್ತು. ನಾನು ಬುಟ್ಟಿ ಕೆಳಗಿಟ್ಟೆ, ಅದನ್ನು ಬೆನ್ನಿಗೆ ಕಟ್ಟುವ ಬಟ್ಟೆ ಬಿಚ್ಚಿಕೊಂಡೆ, ಒಂದು ಚೀಲಕ್ಕೆ ಸುತ್ತಿ ಬೆನ್ನಿಗೇರಿಸಿದೆ.

“ಏನೇ ಇದು!” ಎಂದಳು ವಸ್ರಿ.

“ನಮ್ಮ ಹೆಸರಲ್ಲಿ ಬಂದ ಸಿಮೆಂಟು. ನಮ್ಮ ದಾರಿಗೆ ತಗೊಂಡ್ ಹೋಗ್ತಿದೀನಿ.”

ವಸ್ರಿ ಆಕಡೆ ಈಕಡೆ ನೋಡಿದಳು. “ಕದಿಯೋರು ಹೀಗೆ ಹಾಡು ಹಗಲಲ್ಲಿ ಕದೀತಾರಾ?”

“ಕದೀತಿಲ್ಲ, ಅದಕ್ಕೇ ಹಗಲಲ್ಲಿ.”

ಅವಳು ಉಗುಳಿ, ಸೊಂಟ ಬಿಗಿದು, ಇನ್ನೊಂದು ಚೀಲಕ್ಕೆ ಕೈ ಹಾಕಿದಳು. ಆಮೇಲೆ ಉಳಿದವರು. ಹೆದರಿ ಓಡಿಹೋದವರೂ ಇದ್ದರು, ಸುಳ್ಳು ಹೇಳುವುದಿಲ್ಲ. ದ್ವಾರಕ್ಕೆ ಗುಂಡಿ ಅಗೆಯುತ್ತಿದ್ದ ಕಾಕಾಎನ್ ಮಕ್ಕಳು ಗುದ್ದಲಿ ಹಿಡಿದು ಹಾಗೇ ನಿಂತರು. ತೆಸಾ ಗುಂಡಿಯಿಂದ ಹತ್ತಿ ಬಂದು ನನ್ನ ಬೆನ್ನ ಚೀಲಕ್ಕೆ ಕೈ ಕೊಟ್ಟಳು. ಅವಳ ಹಿಂದೆ ನನ್ನ ಮನೆಯಲ್ಲಿದ್ದ ಉಳಿದಿಬ್ಬರು ಹುಡುಗಿಯರು. ಹುಡುಗರಲ್ಲಿ ಅರ್ಧ ಜನ.

ಲುರಾ ಬೈಕಿನಲ್ಲಿ ಬಂದಾಗ ಅರ್ಧ ರಾಶಿ ಇಳಿಜಾರು ದಾಟಿತ್ತು. ಹಿಂದೆ ಸಮವಸ್ತ್ರದಲ್ಲಿ ಕಸ್ದಿ.

“ನಿಲ್ಸೋ ಅವರನ್ನ!” ಎಂದು ಲುರಾ ಕಿರುಚಿದ. ಅವನ ದನಿ ಹಾಗೆ ಏರಿದ್ದನ್ನು ನಾವು ಕೇಳಿದ್ದು ಅದೇ ಮೊದಲು.

ಕಸ್ದಿ ನನ್ನ ಮುಂದೆ ಬಂದು ನಿಂತ. ನಾನು ಅವನ ಮುಖ ನೋಡಿದೆ. ಅವನು ನನ್ನ ಬೆನ್ನ ಮೇಲಿನ ಚೀಲ ನೋಡಿದ. ಎರಡನೆಯ ಸಲ ಬಿದ್ದ ಭಾವನನ್ನು ಕೆಸರಿನಿಂದ ಎತ್ತಿದ್ದು ಅವನೇ.

“ಪಾಕ್,” ಎಂದ ಲುರಾನ ಕಡೆ ತಿರುಗಿ, “ಇವಳು ನನ್ನ ಅಕ್ಕ. ಚಿಕ್ಕೋನಿದ್ದಾಗ ಸೌಟಲ್ಲಿ ಹೊಡೀತಿದ್ಲು. ಈಗ್ಲೂ ಇವಳ ಕಂಡ್ರೆ ಕೈಕಾಲು ನಡುಗುತ್ತೆ. ಬೇಕಾದ್ರೆ ನೀವೇ ನಿಲ್ಸಿ.”

ಯಾರೋ ಕಿಸಕ್ಕನೆ ನಕ್ಕರು. ಲುರಾ ನಿಲ್ಲಿಸಲಿಲ್ಲ. ಬೈಕು ತಿರುಗಿಸಿಕೊಂಡು ಹೋದ.

ಆ ಸಂಜೆಯಿಂದಲೇ ಕೆಲಸ ಹಿಡಿದೆವು. ಹೊಳೆಯಿಂದ ಕಲ್ಲು ಕೈಯಿಂದ ಕೈಗೆ ಸಾಗಿ ಬರುತ್ತಿತ್ತು. ಪಟ್ಟಣದ ಮಕ್ಕಳಿಗೆ ಮೊದಲ ದಿನವೇ ಅಂಗೈ ಬೊಬ್ಬೆ ಎದ್ದಿತು, ಎರಡನೆಯ ದಿನ ಒಡೆಯಿತು. ಚರಂಡಿ ತೋಡಬೇಕು ಎಂದು ತೆಸಾ ಹಟ ಹಿಡಿದಾಗ ನಮ್ಮ ಗಂಡಸರು ನಕ್ಕರು: “ಮನುಷ್ಯರು ನಡೆಯೋಕೇ ದಾರಿ ಇಲ್ಲ, ಇವಳು ನೀರಿಗೆ ದಾರಿ ಮಾಡ್ತಾಳೆ!” ಅವಳು ಒಬ್ಬಳೇ ಅಗೆಯತೊಡಗಿದಳು. ಆ ವಾರದ ಮಳೆಗೆ ಚರಂಡಿ ಇಲ್ಲದ ಕಡೆ ಮೆಟ್ಟಿಲು ಕಿತ್ತು ಹೊಳೆಗೆ ಹೋಯಿತು. ಇದ್ದ ಕಡೆ ಕಲ್ಲು ಅಲುಗಲಿಲ್ಲ. ಮರುದಿನ ಕಸ್ದಿ ಮಾತಿಲ್ಲದೆ ಗುದ್ದಲಿ ತಂದು ಅವಳ ಪಕ್ಕ ನಿಂತ.

ರೈಹಾನ್ ಕೆಳಗಿಳಿಯಲಿಲ್ಲ. ಉಳಿದವರೊಡನೆ ಮೇಲೆಯೇ ಇದ್ದು ಕಚೇರಿಯ ಗೋಡೆಗೆ ಸುಣ್ಣ ಬಳಿಯುತ್ತಿದ್ದ. ಲುರಾ ಕಾಲೇಜಿಗೆ ಫೋನು ಮಾಡಿರಬೇಕು, ಅವರ ಮೇಷ್ಟ್ರು ಕಾರಿನಲ್ಲಿ ಬಂದರು. ಕೊಡೆ ಹಿಡಿದು ಇಳಿಜಾರಿನ ತುದಿಯಲ್ಲಿ ನಿಂತು ತೆಸಾಳನ್ನು ಮೇಲಕ್ಕೆ ಕರೆದರು. ನಾನೂ ಹೋದೆ.

“ನೀವು ಬಂದಿರೋದು ಸೇವೆಗೆ. ಊರ ಜಗಳಕ್ಕೆ ಅಲ್ಲ,” ಎಂದರು.

“ಸಾರ್, ಊರು ಅಂದ್ರೆ ಯಾರು ಸಾರ್? ಲುರಾ ಒಬ್ರೇನಾ?”

“ವಾದ ಬೇಡಮ್ಮ. ಅವರು ರುಜು ಹಾಕದೆ ಹೋದ್ರೆ ನೀನು ಫೇಲು. ಪದವಿ ಒಂದು ವರ್ಷ ಮುಂದಕ್ಕೆ ಹೋಗುತ್ತೆ. ಮನೇಲಿ ಏನಂತ ಹೇಳ್ತೀಯ?”

ತೆಸಾಳ ಅಪ್ಪ ಬೆಕಾಸಿ ಪಟ್ಟಣದಲ್ಲಿ ಟೈರಿಗೆ ಪಂಕ್ಚರ್ ಹಾಕುವವನು, ಮಗಳ ಪದವಿಯ ದಿನಕ್ಕೆ ಈಗಾಗಲೇ ಕೋಟು ಹೊಲಿಸಿಟ್ಟಿದ್ದಾನೆ ಎಂದು ನನಗೆ ಹೇಳಿದ್ದಳು. ನಾನೇ ಅವಳ ಭುಜ ತಟ್ಟಿ, “ಹೋಗು ಮಗಳೇ. ಮಾಡಿದ್ದು ಸಾಕು. ಉಳಿದಿದ್ದನ್ನ ನಾವು ನೋಡ್ಕೋತೀವಿ,” ಎಂದೆ. ಮನಸ್ಸಿನಿಂದಲೇ ಹೇಳಿದೆ.

“ಸುಮ್ನಿರಿ ಬು,” ಎಂದಳು ನನಗೆ. ಮೇಷ್ಟ್ರಿಗೆ, “ಫೇಲ್ ಮಾಡಿ ಸಾರ್. ಸಿಮೆಂಟು ಕಲಸಿಟ್ಟು ಬಂದಿದೀನಿ, ಗಟ್ಟಿಯಾಗಿ ಬಿಡುತ್ತೆ,” ಎಂದು ಹೇಳಿ ಇಳಿದೇ ಹೋದಳು. ಮೇಷ್ಟ್ರು ಕೊಡೆ ಹಿಡಿದು ನಿಂತೇ ಇದ್ದರು. ಕೊನೆಗೆ ನನ್ನನ್ನು, “ಇಲ್ಲಿ ಇಷ್ಟು ಜಾರುತ್ತಾ?” ಎಂದು ಕೇಳಿದರು. ನಾನು ತೆಸಾಳ ಹಿಂದೆಯೇ ಇಳಿದೆ.

ಲುರಾ ದೂರು ಕೊಟ್ಟ. ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದ. ಸಭಾಂಗಣಕ್ಕೆ ಬರಬೇಕೆಂದು ನನ್ನೊಬ್ಬಳಿಗೇ ಹೇಳಿ ಕಳಿಸಿದ್ದರು. ನಾನು ಹೊರಡುವಾಗ ಬಾಗಿಲಲ್ಲಿ ವಸ್ರಿ ನಿಂತಿದ್ದಳು, ಅವಳ ಹಿಂದೆ ಇಡೀ ಲೆಬಾಕ್‌ನ ಹೆಂಗಸರು, ಮುಖದ ಮಸಿ ಕೂಡ ತೊಳೆಯದೆ. ಆ ದಿನ ಎಷ್ಟೋ ಮನೆಗಳ ನೀರಾ ಹುಳಿ ಬಂತು.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡ. “ಸಿಮೆಂಟು ತಗೊಂಡೋರು ಯಾರು?”

“ನಾನು,” ಎಂದೆ.

“ನಾನೂ ಹೊತ್ತಿದೀನಿ ಸ್ವಾಮಿ,” ಎಂದಳು ವಸ್ರಿ. “ಸೊಂಟ ಹಿಡ್ಕೊಂಡು ಬಿಟ್ಟಿದೆ. ಔಷಧಿ ಈ ಕಚೇರಿಯಿಂದ ಕೊಡ್ತೀರೋ, ಮೇಲಿನ ಕಚೇರಿಗೆ ಬರ್ಬೇಕೋ?”

“ಆ ಸಿಮೆಂಟು ವಾಪಸ್ ತರ್ಬೇಕಾಗುತ್ತೆ.”

“ತಗೊಂಡ್ ಹೋಗಿ ಸ್ವಾಮಿ. ಬಂಡೆ ತಿರುವಿನಲ್ಲಿ ಮಲಗಿದೆ. ಎಬ್ಬಿಸಿದ್ರೆ ಏಳುತ್ತೇನೋ ನೋಡಿ.”

ಲುರಾ ಮೆತ್ತಗಿನ ದನಿಗೆ ಮರಳಿದ್ದ. “ನಾನೇನು ಕಲ್ಲೆದೆಯವನಲ್ಲ ಸಾರ್. ಹೆಂಗಸರು, ತಿಳೀದೆ ಮಾಡಿದಾರೆ. ಕಾರ್ಸೆಮ್ ಎಲ್ಲರ ಎದುರು ಒಂದು ಕ್ಷಮೆ ಕೇಳ್ಲಿ, ಮುಗಿಸೋಣ. ಬೇಕಾದ್ರೆ ಈ ಹುಡುಗನ್ನೇ ಕೇಳಿ, ಎಲ್ಲ ಕಣ್ಣಾರೆ ನೋಡಿದಾನೆ,” ಎಂದು ಪಕ್ಕದಲ್ಲಿ ಕೂತಿದ್ದ ರೈಹಾನ್‌ನನ್ನು ಮುಂದೆ ತಂದ.

ರೈಹಾನ್ ಎದ್ದ. ಗಡಿಯಾರ ನೋಡಿಕೊಂಡ. ಅದು ಬರಿಯ ಅಭ್ಯಾಸ. “ನೋಡಿದೀನಿ ಸಾರ್,” ಎಂದ. “ಊರಿನ ಸಿಮೆಂಟು ಊರಿನ ಮೇಲಿಂದ ಊರಿನ ಕೆಳಕ್ಕೆ ಹೋಯ್ತು. ಹಗಲಲ್ಲಿ ಹೋಯ್ತು, ಎಲ್ಲರ ಮುಂದೆ ಹೋಯ್ತು. ಕಳ್ಳರು ಅಂತ ನಾನು ಹೇಳಲ್ಲ.”

ಲುರಾ ಅವನನ್ನು ಹೊಸಬನನ್ನು ನೋಡುವಂತೆ ನೋಡಿದ.

“ನಾನು ಕ್ಷಮೆ ಕೇಳಲ್ಲ,” ಎಂದೆ. “ತಿಳೀದೆ ಮಾಡಿದ್ದೂ ಅಲ್ಲ. ಪಾಕ್ ಲುರಾ, ನನ್ನ ಗಂಡನ ಮಣ್ಣಿಗೆ ಬಂದಾಗ ಬರೋ ವರ್ಷ ದಾರಿ ಅಂದ್ರಿ. ಅದನ್ನ ನಾನು ಮಾತು ಅಂದ್ಕೊಂಡಿದ್ದೆ. ನನ್ನ ತಮ್ಮ ಇವತ್ತು ಬೆಳಗ್ಗೆನೂ ಮರ ಹತ್ತಿ ಇಳಿದು ಬಂದಿದಾನೆ. ಅವನನ್ನ ಆ ಕೆಸರಲ್ಲಿ ಹೊರೋದಿಲ್ಲ ನಾನು. ಜೈಲಿಗೆ ಹಾಕೋದಾದ್ರೆ ಹಾಕಿ. ಆದ್ರೆ ಮೊದ್ಲು ಕೆಳಗೆ ಬಂದು ನೋಡಿ. ನೀವು ಲುರಾ ಆದ ಮೇಲೆ ಒಂದ್ಸಲನಾದ್ರೂ ಆ ಇಳಿಜಾರು ಇಳಿದಿದೀರಾ?”

ಬಾಗಿಲಲ್ಲಿ ಕಾವಲು ನಿಂತಿದ್ದ ಕಸ್ದಿ ನೆಲ ನೋಡುತ್ತಿದ್ದ. ಅಧಿಕಾರಿ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಕೊನೆಗೆ ನಮ್ಮ ಅಧಿಕಾರಿಗಳು ಎಲ್ಲದಕ್ಕೂ ಹೇಳುವ ಮಾತನ್ನೇ ಹೇಳಿದ: “ಒಂದೇ ಮನೆಯವರ ಹಾಗೆ ನಿಮ್ಮೊಳಗೇ ಬಗೆಹರಿಸ್ಕೊಳ್ಳಿ.” ಜೈಲೂ ಇಲ್ಲ, ನ್ಯಾಯವೂ ಇಲ್ಲ. ಅವನು ಕಾರು ಹತ್ತಿ ಹೋದ ಮೇಲೆ ನಾವು ಹೋಗಿ ಉಳಿದಿದ್ದ ಸಿಮೆಂಟನ್ನೂ ಹೊತ್ತು ತಂದೆವು. ಯಾರೂ ತಡೆಯಲಿಲ್ಲ.

ಆದರೂ ಸಿಮೆಂಟು ಸಾಲಲಿಲ್ಲ. ಬಂಡೆಯಿಂದ ಕೆಳಗೆ ಪೂರ್ತಿ ಆಯಿತು, ತಿರುವು ಅಗಲವಾಯಿತು. ಮೇಲಿನ ತುದಿ, ರಸ್ತೆಗೆ ಕೂಡುವ ಕಡೆ, ಕೆಸರಾಗಿಯೇ ಉಳಿಯಿತು. ಲುರಾ ಯಾವ ಮಗುವಿನ ಅಂಕಕ್ಕೂ ರುಜು ಹಾಕಲಿಲ್ಲ, ಸುಣ್ಣ ಬಳಿದವರಿಗೂ. ಬುಪಾತಿ ಬರಲೇ ಇಲ್ಲ, ಬೇರೆ ಊರಿಗೆ ಹೋದರಂತೆ. ಹೊರಡುವ ದಿನ ತೆಸಾ ಅಳಲಿಲ್ಲ. ವ್ಯಾನು ಹತ್ತುವಾಗ ರೈಹಾನ್, ಹಿರಿಯರಿಗೆ ಮಾಡುವಂತೆ, ವಸ್ರಿಯ ಕೈ ಮುಟ್ಟಿ ಹಣೆಗೆ ಒತ್ತಿಕೊಂಡ. ವಸ್ರಿ ಅವನಿಗೊಂದು ಬೆಲ್ಲದ ಅಚ್ಚು ಕೊಟ್ಟಳು. ಯಾವುದೋ ಹಳೆಯ ಪೇಪರಿನಲ್ಲಿ ಸುತ್ತಿಕೊಟ್ಟು, “ಪೊಟ್ಟಣ ಅಂದವಾಗಿದೆಯೇನಪ್ಪಾ?” ಎಂದಳು. ಇಬ್ಬರೂ ನಕ್ಕರು.

ತೆಸಾಳನ್ನು ಮರುವರ್ಷ ಸೇವೆಗೆಂದು ಮತ್ತೊಂದು ದ್ವೀಪಕ್ಕೆ ಕಳಿಸುವುದಾಗಿ ಕಾಲೇಜು ಹೇಳಿತಂತೆ. ಅವಳಪ್ಪ ಮೂರು ವಾರ ಮಾತಾಡಲಿಲ್ಲವಂತೆ. ಆಮೇಲೆ ದಾರಿಯ ಫೋಟೊ ನೋಡಿ, ‘ಕಲ್ಲು ಚೆನ್ನಾಗಿ ಕೂರಿಸಿದೀಯ’ ಎಂದನಂತೆ. ಅದೆಲ್ಲ ಅವಳು ಫೋನಿನಲ್ಲಿ ಹೇಳಿದ್ದು. ಅಳದೆ ಹೋದವಳು ತಿರುಗಿ ಬರುತ್ತಾಳೆ ಎಂದು ನಾನು ಯಾರಿಗೂ ಹೇಳಿರಲಿಲ್ಲ, ನನಗೂ ಹೇಳಿಕೊಂಡಿರಲಿಲ್ಲ.

ಅದೇ ವರ್ಷ, ನಮ್ಮ ಕಡೆ ಮಳೆ ಇರದ ಆಗಸ್ಟಿನ ಬಿಸಿಲಲ್ಲಿ, ನೆಲ ಒಣಗಿದ್ದಾಗ, ಬಂದಳು. ಈ ಸಲ ಬೆನ್ನಿಗೆ ಹಾಕುವ ಚೀಲ. ಜೊತೆಗೆ ಆ ತಂಡದ ಕೆಲವರು. ರೈಹಾನ್ ಕೂಡ ಇದ್ದ, ಹಳೆಯ ಪ್ಯಾಂಟು ಹಾಕಿಕೊಂಡು. ಸಿಮೆಂಟು ಇರಲಿಲ್ಲ. ಹೊಳೆಯ ಕಲ್ಲುಗಳನ್ನೇ ಒಂದಕ್ಕೊಂದು ಕಚ್ಚಿಸಿ ಕೂರಿಸುವುದೆಂದು ಅವಳು ಕಸ್ದಿಯೊಡನೆ ಕೂತು ಲೆಕ್ಕ ಹಾಕಿದಳು. ಮರುದಿನವೇ ಶುರುವಾಯಿತು.

ಮಧ್ಯಾಹ್ನದ ಹೊತ್ತಿಗೆ ಲುರಾನ ಕಚೇರಿಯ ಗುಮಾಸ್ತ ಮೇಲಿನ ತುದಿಯಲ್ಲಿ ಬಂದು ನಿಂತ. “ಹೊರಗಿನೋರು ಬಂದು ಕೆಲಸ ಮಾಡೋಕೆ ಅಪ್ಪಣೆ ಬೇಕು ಅಂತಾರೆ ಪಾಕ್ ಲುರಾ. ಇದು ಯಾವ ಕಾಲೇಜಿನ ಕಾರ್ಯಕ್ರಮ?”

“ಯಾವ ಕಾಲೇಜಿನದ್ದೂ ಅಲ್ಲ,” ಎಂದಳು ತೆಸಾ ಕಲ್ಲು ಇಳಿಸುತ್ತ.

“ಮತ್ತೆ ಯಾರದ್ದು?”

“ನಂದು,” ಎಂದೆ ನಾನು. “ಹೋಗಿ ಹೇಳು. ಅಪ್ಪಣೆ ಕೊಡೋಕೆ ಅವರೇ ಬರ್ಲಿ. ಈಗ ನೆಲ ಒಣಗಿದೆ, ಬಂಡೆಯಿಂದ ಕೆಳಗೆ ಮೆಟ್ಟಿಲೂ ಆಗಿದೆ, ಜಾರಲ್ಲ.”

ಗುಮಾಸ್ತ ಬಂದ ದಾರಿಯಲ್ಲೇ ಹೊರಟುಹೋದ. ಕೆಳಗಿನಿಂದ ವಸ್ರಿ, “ಮಾತಾಡ್ತಾ ನಿಲ್ಲಬೇಡಿ, ಕಲ್ಲು ಹಿಡ್ಕೊಳ್ಳಿ,” ಎಂದು ಕೂಗಿದಳು. ನಾನು ಬಗ್ಗಿ ಕೈ ಚಾಚಿದೆ.